ತಾರತಮ್ಯವೂ ತಮೀಜೂ

(ಬೆಂಗಳೂರಿನ ಜಯನಗರದಲ್ಲಿ ವಿದ್ಯಾರ್ಥಿಗಳು ಮತ್ತು ಹೆತ್ತವರಿಗಾಗಿ ಏರ್ಪಡಿಸಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ನಾವು ಒಂದು ಇಂಗ್ಲಿಷ್ ಕ್ರಿಯಾಪದದ ಕುರಿತು ಮಾತನಾಡಲು ಬಯಸುತ್ತೇವೆ. ಡಿಸ್ಕ್ರಿಮಿನೇಟ್ ಎಂಬುದು ಆ ಪದ. ಇಲ್ಲಿ ಕುಳಿತಿರುವ ಯಾರಿಗೂ ಅದು ಹೊಸದಲ್ಲ. ಬಾಡಿಗೆ ಮನೆ ಹುಡುಕಿದವರಿಗೆ, ಉದ್ಯೋಗಕ್ಕೆ ಅರ್ಜಿ ಹಾಕಿದವರಿಗೆ, ಮಕ್ಕಳನ್ನು ಶಾಲೆಗೆ ಸೇರಿಸಲು ಅಲೆದವರಿಗೆ ಅದರ ಅರ್ಥವನ್ನು ನಿಘಂಟು ಕಲಿಸಬೇಕಾಗಿಲ್ಲ. ಆದರೂ ನಿಘಂಟನ್ನು ತೆರೆಯುವುದರಲ್ಲಿ ಒಂದು ಪ್ರಯೋಜನವಿದೆ. ಅಲ್ಲಿ ಆ ಪದಕ್ಕೆ ಒಂದಲ್ಲ, ಎರಡು ಅರ್ಥಗಳಿವೆ. ಒಂದು, ಮೇಲ್ನೋಟಕ್ಕೆ ಒಂದೇ ರೀತಿ ಕಾಣುವ ವಸ್ತುಗಳ ನಡುವಿನ ಸೂಕ್ಷ್ಮ ವ್ಯತ್ಯಾಸವನ್ನು ಗುರುತಿಸುವುದು. ಇನ್ನೊಂದು, ಜಾತಿ, ಧರ್ಮ, ಬಣ್ಣ, ಲಿಂಗಗಳ ಕಾರಣಕ್ಕೆ ಒಬ್ಬನನ್ನು ಇತರರಿಗಿಂತ ಕೀಳಾಗಿ ನಡೆಸಿಕೊಳ್ಳುವುದು. ಒರೆಗಲ್ಲಿನ ಮೇಲೆ ಚಿನ್ನವನ್ನು ಉಜ್ಜಿ ಅಪ್ಪಟವೋ ಬೆರಕೆಯೋ ಎಂದು ಹೇಳುವ ಅಕ್ಕಸಾಲಿಗನು ಮಾಡುವುದು ಮೊದಲನೆಯದನ್ನು. ಹೆಸರು ಕೇಳಿದೊಡನೆ ಮನೆಯ ಬಾಗಿಲು ಮುಚ್ಚುವವನು ಮಾಡುವುದು ಎರಡನೆಯದನ್ನು. ಒಂದು ಪ್ರಶಂಸೆಯ ಮಾತು, ಇನ್ನೊಂದು ಆರೋಪದ ಮಾತು. ಒಂದೇ ಪದದೊಳಗೆ ಇವೆರಡೂ ಹೇಗೆ ಸೇರಿಕೊಂಡವು?

ಈ ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಸೆರ್ನೆರೆ ಎಂದರೆ ಜರಡಿ ಹಿಡಿಯುವುದು, ಬೇರ್ಪಡಿಸುವುದು. ನಮ್ಮ ತಾಯಂದಿರು ಮೊರದಲ್ಲಿ ಅಕ್ಕಿ ಕೇರಿ ಕಲ್ಲನ್ನು ಆರಿಸುತ್ತಾರಲ್ಲ, ಅದೇ ಕೆಲಸ. ಇಂಗ್ಲಿಷಿಗೆ ಈ ಪದ ಬಂದದ್ದು ಹದಿನೇಳನೆಯ ಶತಮಾನದಲ್ಲಿ. ಆಗ ಅದಕ್ಕಿದ್ದದ್ದು ಬೇರ್ಪಡಿಸಿ ತಿಳಿಯುವುದೆಂಬ ಅರ್ಥ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕರಿಯರಿಗೆ ಸಮಾನ ಹಕ್ಕು ನೀಡಬೇಕೇ ಬೇಡವೇ ಎಂಬ ವಿವಾದ ಭುಗಿಲೆದ್ದಾಗ, ಎರಡನೆಯ ಅರ್ಥ ಬಲಗೊಂಡಿತು. ಅಕ್ಕಿಯನ್ನು ಹಸನು ಮಾಡುವ ಮೊರವನ್ನು ಮನುಷ್ಯರ ಮೇಲೆ ಪ್ರಯೋಗಿಸಿ, ಕೆಲವರನ್ನು ಕಲ್ಲೆಂದು ಎಸೆಯಲಾಗುತ್ತಿತ್ತು. ಅದಕ್ಕೊಂದು ಹೆಸರು ಬೇಕಾಗಿತ್ತು.

ಇದು ಇಂಗ್ಲಿಷಿನ ವಿಚಿತ್ರವೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಕನ್ನಡದ ತಾರತಮ್ಯ ಎಂಬ ಪದವನ್ನೇ ನೋಡಿರಿ. ಗುರುತರ, ಗುರುತಮ ಎನ್ನುವಾಗ ಕೊನೆಯಲ್ಲಿ ಬರುವ ತರ ಮತ್ತು ತಮ ಎಂಬ ಸಂಸ್ಕೃತ ಪ್ರತ್ಯಯಗಳಿಂದ ಅದು ಹುಟ್ಟಿತು. ಹೆಚ್ಚು, ಇನ್ನೂ ಹೆಚ್ಚು ಎಂದು ಅಳೆದು ತಿಳಿಯುವುದೇ ಅದರ ಮೂಲಾರ್ಥ. ತಾರತಮ್ಯ ಜ್ಞಾನವುಳ್ಳವನು ಎಂದರೆ ಹಳೆಯ ಕನ್ನಡಿಗರಿಗೆ ಅದು ಹೊಗಳಿಕೆಯಾಗಿತ್ತು. ಇಂದು ಪತ್ರಿಕೆಗಳಲ್ಲಿ ಆ ಪದ ಅನ್ಯಾಯಕ್ಕೆ ಪರ್ಯಾಯವಾಗಿಬಿಟ್ಟಿದೆ. ಮೂಲದ ಒಳ್ಳೆಯ ಅರ್ಥವನ್ನು ಈಗ ವಿವೇಕ, ವಿವೇಚನೆ ಎಂಬ ಪದಗಳು ಹೊತ್ತುಕೊಂಡಿವೆ. ಅವುಗಳ ಧಾತುವಿಗೂ ಬೇರ್ಪಡಿಸುವುದೆಂದೇ ಅರ್ಥ.

ಇನ್ನು ನಮ್ಮ ಮನೆಗಳ ಉರ್ದುವಿಗೆ ಬರೋಣ. ಹಿರಿಯರ ಮುಂದೆ ಕಾಲು ಚಾಚಿ ಕುಳಿತ ಮಗುವನ್ನು ಅಜ್ಜಿಯು ‘ತಮೀಜ್ ಇಲ್ಲವೇ?’ ಎಂದು ಗದರಿಸುತ್ತಾಳೆ. ತಮೀಜ್ ಎಂದರೆ ಸಭ್ಯತೆ ಎಂದಷ್ಟೇ ನಾವು ತಿಳಿದಿದ್ದೇವೆ. ಆದರೆ ಅದು ಅರಬಿಯ ತಮ್‌ಯೀಝ್ ಎಂಬ ಪದ. ಅದರ ಅರ್ಥ ಬೇರ್ಪಡಿಸಿ ಗುರುತಿಸುವುದು. ಒಳಿತು ಕೆಡುಕುಗಳ ವ್ಯತ್ಯಾಸ ತಿಳಿಯತೊಡಗಿದ ಮಗುವನ್ನು ಫಿಕ್‌ಹ್ ಶಾಸ್ತ್ರಜ್ಞರು ಮುಮಯ್ಯಿಝ್ ಎನ್ನುತ್ತಾರೆ. ಸಾಮಾನ್ಯವಾಗಿ ಏಳನೆಯ ವಯಸ್ಸನ್ನು ಅದಕ್ಕೆ ಗಡಿಯಾಗಿ ಇಟ್ಟಿದ್ದಾರೆ. ಯಾರ ಮುಂದೆ ಹೇಗಿರಬೇಕೆಂಬ ವ್ಯತ್ಯಾಸ ತಿಳಿದವನೇ ತಮೀಜ್ ಉಳ್ಳವನು. ಇದೇ ತಮ್‌ಯೀಝ್ ಎಂಬ ಪದವನ್ನು ಇಂದಿನ ಅರಬಿ ಪತ್ರಿಕೆಗಳು ಪಕ್ಷಪಾತದ ಅರ್ಥದಲ್ಲಿಯೂ ಬಳಸುತ್ತವೆ. ಇದೇ ಧಾತುವಿನ ಇಮ್ತಿಯಾಝ್ ಎಂಬುದು ಉರ್ದುವಿನಲ್ಲಿ ಒಮ್ಮೆ ವಿಶಿಷ್ಟತೆ, ಮತ್ತೊಮ್ಮೆ ಭೇದಭಾವ.

ಇನ್ನೊಂದು ಧಾತುವನ್ನು ನೋಡಿರಿ. ಪವಿತ್ರ ಕುರ್‌ಆನಿನ ಇಪ್ಪತ್ತೈದನೆಯ ಅಧ್ಯಾಯದ ಹೆಸರು ಅಲ್‌ ಫುರ್‌ಕಾನ್, ಅಂದರೆ ಸತ್ಯ ಮಿಥ್ಯೆಗಳನ್ನು ಬೇರ್ಪಡಿಸುವ ಮಾನದಂಡ. ಹಝ್ರತ್ ಉಮರ್(ರ)ರವರಿಗೆ ಫಾರೂಕ್ ಎಂಬ ಬಿರುದು ಬಂದದ್ದು ಇದೇ ಧಾತುವಿನಿಂದ. ಅದೇ ಧಾತುವಿನಿಂದಲೇ ಫಿರ್ಕಾ, ಅಂದರೆ ಪಂಗಡ ಎಂಬ ಪದವೂ, ಜನಾಂಗ ಭೇದವನ್ನು ಸೂಚಿಸುವ ತಫ್ರಿಕಾ ಎಂಬ ಪದವೂ ಬಂದವು. ಕನ್ನಡಿಗರೆಲ್ಲರ ಬಾಯಲ್ಲಿರುವ ಫರಕು ಎಂಬುದೂ ಅಲ್ಲಿಂದಲೇ ಬಂದದ್ದು. ಫುರ್‌ಕಾನ್ ಮನುಷ್ಯನನ್ನು ಎತ್ತುತ್ತದೆ, ತಫ್ರಿಕಾ ಬೀಳಿಸುತ್ತದೆ. ಬೇರು ಮಾತ್ರ ಒಂದೇ.

ಇಷ್ಟೊಂದು ಭಾಷೆಗಳು ಒಂದೇ ಅನುಭವವನ್ನು ದಾಖಲಿಸಿರುವಾಗ ಅದರಲ್ಲಿ ಪಾಠವಿರಲೇಬೇಕು. ವ್ಯತ್ಯಾಸವನ್ನು ಗುರುತಿಸುವುದು ಅಪರಾಧವಲ್ಲ. ಅದಿಲ್ಲದೆ ಬದುಕು ಸಾಗದು. ಹಾಗಾದರೆ ಅದು ಅನ್ಯಾಯವಾಗುವುದು ಯಾವಾಗ? ನಮ್ಮ ಉತ್ತರ ಇಷ್ಟೇ: ಮೊದಲ ಅರ್ಥದ ವಿವೇಚನೆಯು ವಸ್ತುವಿನ ಒಳಗನ್ನು ನೋಡುತ್ತದೆ, ಎರಡನೆಯ ಅರ್ಥದ ತಾರತಮ್ಯವು ಹೆಸರುಪಟ್ಟಿಯನ್ನು ನೋಡಿ ನಿಂತುಬಿಡುತ್ತದೆ. ತಾರತಮ್ಯ ಮಾಡುವವನು ಹೆಚ್ಚು ವ್ಯತ್ಯಾಸಗಳನ್ನು ಕಾಣುತ್ತಾನೆಂದು ತಿಳಿಯಬೇಡಿರಿ. ವಾಸ್ತವದಲ್ಲಿ ಅವನು ಕಾಣುವುದು ತೀರಾ ಕಡಿಮೆ. ಸಾವಿರ ಮಂದಿಯನ್ನು ಅವನು ಒಂದೇ ಮುಖವಾಗಿ ಕಾಣುತ್ತಾನೆ.

ನಮ್ಮ ಸಂವಿಧಾನವೂ ನ್ಯಾಯಾಲಯಗಳೂ ಈ ವ್ಯತ್ಯಾಸದ ಮೇಲೆಯೇ ನಿಂತಿವೆ. 14ನೆಯ ವಿಧಿಯು ಕಾನೂನಿನ ಮುಂದೆ ಎಲ್ಲರೂ ಸಮಾನರೆನ್ನುತ್ತದೆ. ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣ ಮಾತ್ರದಿಂದ ರಾಜ್ಯವು ಯಾವ ಪ್ರಜೆಯ ವಿರುದ್ಧವೂ ತಾರತಮ್ಯ ಮಾಡುವುದನ್ನು 15ನೆಯ ವಿಧಿಯು ನಿಷೇಧಿಸುತ್ತದೆ. ಆದರೆ ಸಮಾನತೆಯೆಂದರೆ ಎಲ್ಲರನ್ನೂ ಕಣ್ಣುಮುಚ್ಚಿ ಒಂದೇ ರೀತಿ ನಡೆಸಿಕೊಳ್ಳುವುದಲ್ಲ. 1952ರಲ್ಲಿ ಅನ್ವರ್ ಅಲಿ ಸರ್ಕಾರ್ ಎಂಬವರ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂತು. ತನಗೆ ಬೇಕೆನಿಸಿದ ಮೊಕದ್ದಮೆಗಳನ್ನು ಆಯ್ದು ವಿಶೇಷ ನ್ಯಾಯಾಲಯಕ್ಕೆ ಒಪ್ಪಿಸುವ ಅಧಿಕಾರವನ್ನು ಪಶ್ಚಿಮ ಬಂಗಾಳ ಸರ್ಕಾರ ಒಂದು ಕಾಯ್ದೆಯ ಮೂಲಕ ಪಡೆದಿತ್ತು. ಯಾವ ಮೊಕದ್ದಮೆ ವಿಶೇಷ, ಯಾವುದು ಸಾಮಾನ್ಯ ಎಂದು ಬೇರ್ಪಡಿಸಲು ಸ್ಪಷ್ಟ ಅಳತೆಗೋಲೇ ಇಲ್ಲದ ಕಾರಣ ನ್ಯಾಯಾಲಯವು ಆ ಅಧಿಕಾರವನ್ನು ಎತ್ತಿಹಿಡಿಯಲಿಲ್ಲ. ಜನರನ್ನು ವರ್ಗೀಕರಿಸಬೇಕಾದರೆ ಎರಡು ಷರತ್ತುಗಳಿವೆಯೆಂಬುದು ಅಂದಿನಿಂದ ದೃಢವಾಯಿತು. ಬೇರ್ಪಡಿಸುವ ಗುರುತು ಸ್ಪಷ್ಟವಾಗಿರಬೇಕು. ಆ ಗುರುತಿಗೂ ಕಾನೂನಿನ ಉದ್ದೇಶಕ್ಕೂ ಸಂಬಂಧವಿರಬೇಕು.

ಮೀಸಲಾತಿಯನ್ನು ಈ ಬೆಳಕಿನಲ್ಲಿ ನೋಡಿರಿ. ಹಿಂದುಳಿದವರನ್ನು ಗುರುತಿಸಿ ಕೈಹಿಡಿದೆತ್ತುವ ವಿಚಾರ ಈ ನಾಡಿಗೆ ಹೊಸದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ನ್ಯಾಯಮೂರ್ತಿ ಮಿಲ್ಲರ್ ಅವರ ನೇತೃತ್ವದ ಸಮಿತಿ ಇದೇ ಕೆಲಸಕ್ಕಾಗಿ ನೇಮಕಗೊಂಡಿತು. 1951ರಲ್ಲಿ ಮದ್ರಾಸ್ ರಾಜ್ಯದ ಕಾಲೇಜು ಪ್ರವೇಶದ ಕೋಮುವಾರು ಹಂಚಿಕೆಯನ್ನು ಸುಪ್ರೀಂ ಕೋರ್ಟು ರದ್ದುಪಡಿಸಿದಾಗ, ಅದೇ ವರ್ಷ ಸಂವಿಧಾನದ ಮೊದಲ ತಿದ್ದುಪಡಿಯ ಮೂಲಕ 15ನೆಯ ವಿಧಿಗೆ ನಾಲ್ಕನೆಯ ಉಪವಿಧಿಯನ್ನು ಸೇರಿಸಲಾಯಿತು. ಹಿಂದುಳಿದವರಿಗಾಗಿ ವಿಶೇಷ ಕ್ರಮ ಕೈಗೊಳ್ಳುವುದಕ್ಕೆ ಅದು ದಾರಿ ಮಾಡಿಕೊಟ್ಟಿತು. ಹಸಿದವನನ್ನೂ ಉಂಡವನನ್ನೂ ಬೇರೆ ಬೇರೆಯಾಗಿ ಗುರುತಿಸಿ ಹಸಿದವನಿಗೆ ಮೊದಲು ಬಡಿಸುವುದು ವಿವೇಕವೇ ಹೊರತು ಪಕ್ಷಪಾತವಲ್ಲ. ಆದ್ದರಿಂದಲೇ 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರ್ಕಾರವು ಮುಸ್ಲಿಮರಿಗಿದ್ದ 2ಬಿ ಪ್ರವರ್ಗದ ಶೇಕಡಾ 4 ಮೀಸಲಾತಿಯನ್ನು ತೆಗೆದು ಬೇರೆಯವರಿಗೆ ಹಂಚಲು ಹೊರಟಾಗ, ಕೇಳಬೇಕಾಗಿದ್ದ ಪ್ರಶ್ನೆ ಒಂದೇ ಆಗಿತ್ತು. ಯಾವ ಅಧ್ಯಯನದ ಆಧಾರದ ಮೇಲೆ ಈ ಸಮುದಾಯ ಮುಂದುವರಿದಿದೆಯೆಂದು ನಿರ್ಧರಿಸಿದಿರಿ? ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಸದ್ಯಕ್ಕೆ ಆ ಆದೇಶವನ್ನು ಜಾರಿಗೊಳಿಸುವುದಿಲ್ಲವೆಂದು ಏಪ್ರಿಲ್‌ನಲ್ಲಿ ಸರ್ಕಾರ ಭರವಸೆ ನೀಡಬೇಕಾಯಿತು.

ಈಗ ನಾವು ಕುಳಿತಿರುವ ಈ ಜಯನಗರದ ಒಂದು ಘಟನೆಗೆ ಬರೋಣ. 2021ರ ಮೇ 4. ಕೊರೋನದ ಎರಡನೆಯ ಅಲೆ. ಹಾಸಿಗೆ ಸಿಗದೆ, ಆಮ್ಲಜನಕ ಸಿಗದೆ ಜನರು ಸಾಯುತ್ತಿದ್ದ ದಿನಗಳು. ಅಂದು ಬೆಂಗಳೂರು ದಕ್ಷಿಣದ ಸಂಸದರಾದ ತೇಜಸ್ವಿ ಸೂರ್ಯ ಅವರು ಮೂವರು ಶಾಸಕರೊಂದಿಗೆ ಮಹಾನಗರ ಪಾಲಿಕೆಯ ದಕ್ಷಿಣ ವಲಯದ ವಾರ್ ರೂಮಿಗೆ ಬಂದರು. ಹಾಸಿಗೆ ಹಂಚಿಕೆಯಲ್ಲಿ ಅಕ್ರಮ ನಡೆದಿದೆಯೆಂಬುದು ಅವರ ಆರೋಪ. ಅಕ್ರಮವನ್ನು ಬಯಲಿಗೆಳೆಯುವುದು ಜನಪ್ರತಿನಿಧಿಯ ಕರ್ತವ್ಯವೇ ಸರಿ. ಆದರೆ ಅಲ್ಲಿ ಒಂದು ಪಟ್ಟಿಯಿಂದ ಹದಿನೇಳು ಹೆಸರುಗಳನ್ನು ಓದಲಾಯಿತು. ಇನ್ನೂರಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದ ಆ ಕೋಣೆಯಿಂದ ಆಯ್ದ ಹದಿನೇಳೂ ಮುಸ್ಲಿಮರ ಹೆಸರುಗಳು. ಆ ದೃಶ್ಯ ನಾಡಿನಾದ್ಯಂತ ಹರಡಿತು. ಆ ಯುವಕರನ್ನು ಕೆಲಸದಿಂದ ದೂರವಿಡಲಾಯಿತು, ಪೊಲೀಸರು ವಿಚಾರಿಸಿದರು. ಅಕ್ರಮದಲ್ಲಿ ಅವರ ಪಾತ್ರವನ್ನು ತೋರಿಸುವ ಪುರಾವೆ ಸಿಗಲಿಲ್ಲವೆಂದು ವರದಿಯಾಯಿತು. ಹಲವರು ಬಳಿಕ ಕೆಲಸಕ್ಕೆ ಮರಳಿದರು.

ಮದ್ರಸದಲ್ಲಿ ನಹ್ವ್, ಅಂದರೆ ಅರಬಿ ವ್ಯಾಕರಣ ಓದಿದವರಿಗೆ ಇಲ್ಲಿ ಒಂದು ಪಾಠ ನೆನಪಾಗಬೇಕು. ಅಲ್ಲಿ ತಮ್‌ಯೀಝ್ ಎಂಬುದು ಒಂದು ಪಾರಿಭಾಷಿಕ ಪದ. ಹನ್ನೊಂದರಿಂದ ತೊಂಬತ್ತೊಂಬತ್ತರವರೆಗಿನ ಯಾವುದೇ ಸಂಖ್ಯೆಯನ್ನು ಹೇಳಿ ಸುಮ್ಮನಾದರೆ ಮಾತು ಅಸ್ಪಷ್ಟವಾಗಿರುತ್ತದೆ. ‘ಹದಿನೇಳು’ ಎಂದರೆ ಹದಿನೇಳು ಏನು? ಪುಸ್ತಕಗಳೇ, ಒಂಟೆಗಳೇ, ಪುರುಷರೇ? ಸಂಖ್ಯೆಯ ನಂತರ ಬಂದು ಆ ಅಸ್ಪಷ್ಟತೆಯನ್ನು ನಿವಾರಿಸುವ ನಾಮಪದವೇ ತಮ್‌ಯೀಝ್. ಅದಿಲ್ಲದೆ ವಾಕ್ಯ ಪೂರ್ಣವಾಗದು. ಅಂದು ಜಯನಗರದಲ್ಲಿ ಓದಿದ ಪಟ್ಟಿಯಲ್ಲಿ ಸಂಖ್ಯೆಯಿತ್ತು, ತಮ್‌ಯೀಝ್ ಇರಲಿಲ್ಲ. ಹದಿನೇಳು ಏನು? ಆರೋಪಿಗಳೇ? ಸಾಕ್ಷಿಗಳೇ? ದೂರವಾಣಿ ಕರೆ ಸ್ವೀಕರಿಸುವ ನೌಕರರೇ? ಉಳಿದವರನ್ನು ಬಿಟ್ಟು ಇವರನ್ನೇ ಬೇರ್ಪಡಿಸಿದ್ದು ಯಾವ ಕೃತ್ಯದ ಆಧಾರದ ಮೇಲೆ? ಆ ಪ್ರಶ್ನೆಗೆ ಪಟ್ಟಿಯಲ್ಲಿ ಉತ್ತರವಿರಲಿಲ್ಲ. ಹೆಸರೇ ಪುರಾವೆಯಾಗಿಬಿಟ್ಟಿತು. ಹಾಸಿಗೆ ಮಾರಿಕೊಂಡವರು ಯಾರೆಂದು ಹುಡುಕುವುದು ಮೊದಲ ಅರ್ಥದ ಡಿಸ್ಕ್ರಿಮಿನೇಟ್. ಹೆಸರನ್ನು ಆರಿಸಿ ಓದುವುದು ಎರಡನೆಯ ಅರ್ಥದ್ದು. ಎರಡನೆಯದು ಬಂದಾಗ ಮೊದಲನೆಯದು ಸತ್ತುಹೋಗುತ್ತದೆಂಬುದನ್ನೂ ಗಮನಿಸಿರಿ. ಹೆಸರಿನ ಚರ್ಚೆಯಲ್ಲಿ ಊರಿಗೆ ಊರೇ ಮುಳುಗಿದಾಗ ಹಾಸಿಗೆಯ ಕಳ್ಳರು ಯಾರೆಂಬ ಪ್ರಶ್ನೆ ಹಿಂದೆ ಸರಿಯಿತು. ತಾರತಮ್ಯದ ನಷ್ಟ ಅದಕ್ಕೆ ಗುರಿಯಾದವರಿಗೆ ಮಾತ್ರ ತಟ್ಟುವುದಿಲ್ಲ. ಅಂದು ಹಾಸಿಗೆಗಾಗಿ ಕಾದು ಕುಳಿತಿದ್ದ ಎಲ್ಲ ಧರ್ಮಗಳ ರೋಗಿಗಳಿಗೂ ತಟ್ಟಿತು.

ಬಾಡಿಗೆ ಮನೆಯ ವಿಷಯ ಇದಕ್ಕಿಂತ ಸದ್ದಿಲ್ಲದ್ದು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್, ಎಲ್ಲೆಡೆಯೂ ಗೇಟಿನ ಮೇಲೆ ‘ಟು ಲೆಟ್’ ಫಲಕ ತೂಗುತ್ತದೆ. ದೂರವಾಣಿಯಲ್ಲಿ ಮಾತು ಸರಾಗವಾಗಿ ಸಾಗುತ್ತದೆ. ಮುಂಗಡ ಎಷ್ಟು, ನೀರು ಯಾವುದು, ಗಾಡಿ ನಿಲ್ಲಿಸಲು ಜಾಗವಿದೆಯೇ ಎಂಬಲ್ಲಿಯವರೆಗೂ ಬರುತ್ತದೆ. ಕೊನೆಗೆ ಹೆಸರು ಕೇಳಲಾಗುತ್ತದೆ. ಆಮೇಲೆ ‘ಮನೆಯವರನ್ನು ಕೇಳಿ ಹೇಳುತ್ತೇವೆ’ ಎಂಬ ಉತ್ತರ ಬರುತ್ತದೆ. ಆ ಕರೆ ಮತ್ತೆ ಬರುವುದಿಲ್ಲ. ಇದು ಒಂದಿಬ್ಬರ ದೂರಲ್ಲ. ಮುಸ್ಲಿಮರಿಗೆ ಮನೆ ಸಿಗುವುದರಲ್ಲಿನ ತೊಡಕನ್ನು 2006ರ ಸಾಚಾರ್ ಸಮಿತಿಯ ವರದಿಯೂ ಪ್ರಸ್ತಾಪಿಸಿತ್ತು. ಸಮಾನ ಅವಕಾಶಗಳ ಆಯೋಗವೊಂದು ಬೇಕೆಂದು ಶಿಫಾರಸು ಮಾಡಿತ್ತು. 15ನೆಯ ವಿಧಿಯ ಎರಡನೆಯ ಉಪವಿಧಿಯು ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಸುತ್ತದೆ. ಖಾಸಗಿ ಬಾಡಿಗೆ ಮನೆಯ ಮಾತು ಅಲ್ಲಿಲ್ಲ. ಒಂದು ಸಮುದಾಯದವರಿಗೆ ಮಾತ್ರ ಸದಸ್ಯತ್ವ ನೀಡುವ ಅಹಮದಾಬಾದಿನ ಪಾರ್ಸಿ ಗೃಹ ಸಹಕಾರ ಸಂಘದ ನಿಯಮವನ್ನು ಸುಪ್ರೀಂ ಕೋರ್ಟು 2005ರಲ್ಲಿ ಎತ್ತಿಹಿಡಿಯಿತು. ಆದ್ದರಿಂದ ಈ ಬಾಗಿಲನ್ನು ತೆರೆಯಲು ಕಾನೂನು ಬೇಕು, ಜೊತೆಗೆ ಮನಸ್ಸುಗಳ ಬದಲಾವಣೆಯೂ ಬೇಕು.

ಇಲ್ಲಿಯವರೆಗೆ ಹೇಳಿದ್ದು ಇತರರ ಕುರಿತು. ಇಷ್ಟಕ್ಕೇ ನಿಲ್ಲಿಸಿದರೆ ಚಪ್ಪಾಳೆ ಸಿಗಬಹುದು, ಆದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಆದ್ದರಿಂದ ಮೂರು ಮಾತುಗಳನ್ನು ನಮಗೆ ನಾವೇ ಹೇಳಿಕೊಳ್ಳಬೇಕಾಗಿದೆ.

ಮೊದಲನೆಯದಾಗಿ, ನಿರಾಕರಣೆಗಳೆಲ್ಲವೂ ತಾರತಮ್ಯವಲ್ಲ. ಅಂಕ ಸಾಲದೆ ಸೀಟು ತಪ್ಪಿದರೆ, ಸಿದ್ಧತೆಯಿಲ್ಲದೆ ಸಂದರ್ಶನದಲ್ಲಿ ಸೋತರೆ, ಅದನ್ನು ಧರ್ಮದ ಲೆಕ್ಕಕ್ಕೆ ಬರೆಯುವುದು ನಮ್ಮ ಮಕ್ಕಳಿಗೆ ನಾವೇ ಮಾಡುವ ದ್ರೋಹ. ಮೂರು ಪ್ರಶ್ನೆಗಳನ್ನು ಕೇಳುವುದನ್ನು ಅವರಿಗೆ ಕಲಿಸಿರಿ. ನಿರಾಕರಿಸಲು ಬಳಸಿದ ಅಳತೆಗೋಲು ಯಾವುದು? ಅದಕ್ಕೂ ಆ ಕೆಲಸಕ್ಕೂ ಸಂಬಂಧವಿದೆಯೇ? ಎಲ್ಲರಿಗೂ ಅದನ್ನೇ ಅನ್ವಯಿಸಲಾಯಿತೇ? ಈ ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ಸೋಲನ್ನು ಒಪ್ಪಿ ಮತ್ತೆ ಓದಲು ಕೂರಬೇಕು. ಸಿಗದಿದ್ದರೆ ದಿನಾಂಕ, ಜಾಹೀರಾತು, ಪತ್ರಗಳನ್ನು ಜೋಪಾನವಾಗಿಟ್ಟುಕೊಂಡು ಕಾನೂನುಬದ್ಧವಾಗಿ ಹೋರಾಡಬೇಕು. ಎಲ್ಲಕ್ಕೂ ಕೂಗುವವನ ಕೂಗನ್ನು ನಿಜವಾದ ಅನ್ಯಾಯದ ದಿನ ಯಾರೂ ಕೇಳುವುದಿಲ್ಲ. ಅಂತೆಯೇ, ಒಬ್ಬ ಮಾಲಕ ಬಾಗಿಲು ಮುಚ್ಚಿದನೆಂದು ನೆರೆಯ ಸಮುದಾಯವನ್ನೆಲ್ಲ ದೂಷಿಸುವುದೂ ಹೆಸರುಪಟ್ಟಿ ಓದುವ ಕೆಲಸವೇ. ಮುಸ್ಲಿಮ್ ಕುಟುಂಬಗಳಿಗೆ ಮನೆ ಕೊಟ್ಟು, ಹಬ್ಬದ ದಿನ ತಟ್ಟೆ ವಿನಿಮಯ ಮಾಡಿಕೊಳ್ಳುವ ಹಿಂದೂ, ಕ್ರೈಸ್ತ ಮಾಲಕರು ಇದೇ ಬೀದಿಗಳಲ್ಲಿದ್ದಾರೆ. ಅವರನ್ನು ಬೇರ್ಪಡಿಸಿ ಗುರುತಿಸದಿದ್ದರೆ ನಮ್ಮಲ್ಲಿಯೂ ತಮೀಜ್ ಇಲ್ಲವೆಂದೇ ಅರ್ಥ.

ಎರಡನೆಯದಾಗಿ, ವಿವೇಚನೆಯ ಕೊರತೆಯಿಂದ ನಾವು ತೆತ್ತ ಬೆಲೆ ಸಣ್ಣದಲ್ಲ. 2019ರ ಜೂನ್‌ನಲ್ಲಿ ಐಎಂಎ ಸಂಸ್ಥೆಯ ಬಾಗಿಲು ಮುಚ್ಚಿದಾಗ ಈ ನಗರದ ಎಷ್ಟು ಮನೆಗಳಲ್ಲಿ ಒಲೆ ಉರಿಯಲಿಲ್ಲವೆಂಬುದು ನಿಮಗೆ ಗೊತ್ತು. ಮಗಳ ಮದುವೆಗೆಂದು ಕೂಡಿಟ್ಟದ್ದು, ವಿಧವೆಯರ ಉಳಿತಾಯ, ನಿವೃತ್ತಿಯ ಹಣ, ಸಾವಿರಾರು ಕುಟುಂಬಗಳ ಗಂಟು ಅದರಲ್ಲಿತ್ತು. ಬಡ್ಡಿಯಿಲ್ಲದ ಹಲಾಲ್ ಲಾಭ ಎಂಬ ಹೆಸರುಪಟ್ಟಿ ಹಚ್ಚಿತ್ತು. ಆ ಲಾಭ ಯಾವ ವ್ಯಾಪಾರದಿಂದ ಬರುತ್ತಿದೆಯೆಂದು ಕೇಳಿದವರು ವಿರಳ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಮ್ಮೂರಿನದೇ. ನಮ್ಮ ಹೆಸರು ನೋಡಿ ದ್ವೇಷಿಸುವವನ ತಪ್ಪೂ, ನಮ್ಮವನೆಂಬ ಹೆಸರು ನೋಡಿ ನಂಬಿದವರ ತಪ್ಪೂ ಒಂದೇ ಬಗೆಯವು. ಇಬ್ಬರೂ ಒಳಗನ್ನು ನೋಡಲಿಲ್ಲ. ನಂಬಲರ್ಹನಲ್ಲದವನು ತಂದ ಸುದ್ದಿಯನ್ನು ಪರಿಶೀಲಿಸದೆ ನಂಬಬಾರದೆಂದು ಕುರ್‌ಆನಿನ ಅಲ್‌ ಹುಜುರಾತ್ ಅಧ್ಯಾಯವು ಆಜ್ಞಾಪಿಸಿರುವಾಗ, ಮೊಬೈಲಿಗೆ ಬಂದದ್ದನ್ನೆಲ್ಲ ಮುಂದಕ್ಕೆ ಕಳುಹಿಸುವ ನಮ್ಮ ಅಭ್ಯಾಸಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಮೂರನೆಯದಾಗಿ, ನಮ್ಮ ಮನೆಗಳ ಒಳಗಿನ ತಾರತಮ್ಯ. ನುಅಮಾನ್ ಬಿನ್ ಬಶೀರ್(ರ)ರವರ ತಂದೆ ತಮ್ಮ ಮಕ್ಕಳ ಪೈಕಿ ಇವರೊಬ್ಬರಿಗೇ ಉಡುಗೊರೆಯೊಂದನ್ನು ಕೊಟ್ಟು, ಅದಕ್ಕೆ ಸಾಕ್ಷಿಯಾಗಬೇಕೆಂದು ಪ್ರವಾದಿವರ್ಯರ(ಸ) ಬಳಿಗೆ ಬಂದರು. ಉಳಿದ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀರಾ ಎಂದು ಪ್ರವಾದಿವರ್ಯರು(ಸ) ವಿಚಾರಿಸಿದರು. ಇಲ್ಲವೆಂದು ತಿಳಿದಾಗ ಅಂತಹ ಅನ್ಯಾಯಕ್ಕೆ ಸಾಕ್ಷಿಯಾಗಲು ನಿರಾಕರಿಸಿದರು. ಇಂದು ಮಗನನ್ನು ದುಬಾರಿ ಶುಲ್ಕದ ಕಾಲೇಜಿಗೂ, ಅವನಿಗಿಂತ ಹೆಚ್ಚು ಅಂಕ ಪಡೆದ ಮಗಳನ್ನು ಅಡುಗೆಮನೆಗೂ ಕಳುಹಿಸುವ ತಂದೆ ಯಾರನ್ನು ಸಾಕ್ಷಿಯಾಗಿ ಕರೆದಾನು? ಹೆಣ್ಣು ನೋಡಲು ಹೋಗಿ ಮೈಬಣ್ಣವನ್ನು ಅಳೆದು ಬರುವವರು, ಬಿರಾದರಿಯ ಹೆಸರು ಕೇಳಿ ಸಂಬಂಧ ಮುರಿಯುವವರು, ಕರಿಯರಾದ ಬಿಲಾಲ್(ರ)ರವರನ್ನು ಕಅಬಾದ ಮೇಲೇರಿಸಿ ಅಝಾನ್ ಕೊಡಿಸಿದ ಪ್ರವಾದಿಯ(ಸ) ಅನುಯಾಯಿಗಳೆಂದು ಯಾವ ಮುಖದಿಂದ ಹೇಳಿಕೊಳ್ಳುವರು? ಮನೆಗೆಲಸದಾಕೆಗೆ ಬೇರೆ ಲೋಟವಿಟ್ಟಿರುವ ಮನೆ ನಮ್ಮಲ್ಲಿಯೂ ಇದೆಯಾದರೆ, ಆ ಲೋಟ 15ನೆಯ ವಿಧಿಯ ಕುರಿತ ನಮ್ಮ ಭಾಷಣಗಳನ್ನೆಲ್ಲ ಅಣಕಿಸುತ್ತದೆ. ತಿಲಕನಗರದಲ್ಲಿಯೋ ಗುರಪ್ಪನಪಾಳ್ಯದಲ್ಲಿಯೋ ಬಾಡಿಗೆಗೆ ಮನೆ ಕೊಡುವ ಸಹೋದರರೂ ತಮ್ಮನ್ನು ತಾವು ಪ್ರಶ್ನಿಸಿಕೊಳ್ಳಲಿ. ದಲಿತ ಕುಟುಂಬವೋ ಈಶಾನ್ಯದಿಂದ ದುಡಿಯಲು ಬಂದ ಯುವಕರೋ ಬಾಗಿಲಿಗೆ ಬಂದಾಗ, ನಮಗೆ ಸಿಕ್ಕಿದ ಉತ್ತರವನ್ನೇ ನಾವು ಅವರಿಗೆ ದಾಟಿಸುತ್ತಿಲ್ಲವೇ? ಜನರನ್ನು ಬೇರೆ ಬೇರೆ ಜನಾಂಗ, ಗೋತ್ರಗಳಾಗಿ ಮಾಡಿದ್ದು ಪರಸ್ಪರ ಪರಿಚಯಕ್ಕಾಗಿ ಎಂದು ಕುರ್‌ಆನ್ ಬೋಧಿಸುತ್ತದೆ. ಅಲ್ಲಾಹನ ಬಳಿ ಶ್ರೇಷ್ಠತೆಯ ಅಳತೆಗೋಲು ದೇವಭಯವೊಂದೇ.

ಸಹೋದರರೇ, ಸಹೋದರಿಯರೇ, ಭೇದಭಾವಕ್ಕೆ ಔಷಧ ಭೇದವನ್ನೇ ಕಾಣದಿರುವುದಲ್ಲ. ಸರಿಯಾದ ಭೇದವನ್ನು ಕಾಣುವುದೇ ಔಷಧ. ನಾಳೆ ನಿಮ್ಮಲ್ಲಿ ಒಬ್ಬರು ಕಚೇರಿಯ ಮೇಜಿನ ಹಿಂದೆ ಕುಳಿತು ಅರ್ಜಿಗಳನ್ನು ನೋಡುವಿರಿ. ಒಬ್ಬರು ಪತ್ರಿಕೆಯಲ್ಲಿ ಹೆಸರುಗಳನ್ನು ಅಚ್ಚು ಹಾಕುವಿರಿ. ಒಬ್ಬರು ಮನೆ ಕಟ್ಟಿಸಿ ಗೇಟಿಗೆ ಫಲಕ ತೂಗುಹಾಕುವಿರಿ. ಅಂದು ನಿಮ್ಮ ಕೈಯಲ್ಲಿಯೂ ಮೊರವಿರುತ್ತದೆ. ಕಲ್ಲನ್ನು ಕಲ್ಲೆಂದೂ ಅಕ್ಕಿಯನ್ನು ಅಕ್ಕಿಯೆಂದೂ ಗುರುತಿಸುವ ಕಣ್ಣನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.

ವಸ್ಸಲಾಮ್.